ಪಕ್ಕದ ಮನೆಗೆ ಮೊದಲೇ ಗೊತ್ತಿದ್ದ ಮಾತು

ಕೊಲ್ಲಿ ಯುದ್ಧ ಮುಗಿದ ವರ್ಷ ನಾವು ಗಲ್ಫಿನಲ್ಲಿ, ಮದೀನತ್ ಖಲೀಫಾ ಬಡಾವಣೆಯ ಒಂದು ವಿಲ್ಲಾದ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಮುಂಭಾಗದಲ್ಲಿ ಮಂಗಳೂರು ಕಡೆಯ ಬ್ಯಾರಿ ಕುಟುಂಬ. ಆ ಮನೆಯಾಕೆಯನ್ನು ನನ್ನ ಹೆಂಡತಿ ಅಕ್ಕ ಎನ್ನುತ್ತಿದ್ದಳು. ನಾನು ಇಂಡಸ್ಟ್ರಿಯಲ್ ಏರಿಯಾದ ಆಫೀಸಿನಿಂದ ಬರುವ ತನಕ ಅವಳಿಗೊಂದು ಜೊತೆಯಾಯಿತಲ್ಲ ಎಂದು ನನಗೂ ಸಮಾಧಾನವಿತ್ತು.

ಒಂದು ಸಂಜೆ ಟಿವಿಯ ಇಂಗ್ಲಿಷ್ ವಾರ್ತೆಯಲ್ಲಿ ಅಮೆರಿಕದ ಸುದ್ದಿ ಬಂತು. ಅಲ್ಲಿನ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಯಾಗಲಿದ್ದವರು ಹಿಂದೆ ಆಫೀಸಿನಲ್ಲಿ ತನ್ನೊಡನೆ ಅಸಭ್ಯವಾಗಿ ಮಾತಾಡುತ್ತಿದ್ದರೆಂದು, ಅವರ ಕೈಕೆಳಗೆ ಕೆಲಸ ಮಾಡಿದ್ದ ಹೆಂಗಸೊಬ್ಬರು ದೂರಿದ್ದರು. ಆ ನ್ಯಾಯಾಧೀಶರು ಅದನ್ನು ಅಲ್ಲಗಳೆದಿದ್ದರು. ಸಾಲಾಗಿ ಕೂತ ಗಂಡಸರು ಆಕೆಯನ್ನು ಪ್ರಶ್ನೆ ಮಾಡುತ್ತಿದ್ದರು.

"ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕಂತೆ?" ಎಂದೆ.

ಅಕ್ಕಿರೊಟ್ಟಿ ಕೊಡಲು ಬಂದು ಬಾಗಿಲಲ್ಲೇ ನಿಂತಿದ್ದ ಪಕ್ಕದ ಮನೆಯಾಕೆ, "ಹಾಗೆ ಹೇಳ್ಬೇಡಿ ಅಣ್ಣ. ಬಾಯಿ ಬಿಡ್ಲಿಕ್ಕೆ ಎಷ್ಟು ಧೈರ್ಯ ಬೇಕು ಗೊತ್ತುಂಟಾ?" ಎಂದವರು ನನ್ನ ಹೆಂಡತಿಯ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. ನನಗೆ ಗೊತ್ತಿಲ್ಲದ್ದೇನೋ ಇವರಿಬ್ಬರಿಗೂ ಗೊತ್ತಿದೆ ಎಂದು ಆಗಲೇ ಹೊಳೆಯಿತು.

ಅವರು ಹೋದ ಮೇಲೆ ಕೇಳಿದೆ. ಹೇಳಿದಳು. ಮದುವೆಗೆ ಮೊದಲು ಅವಳು ಮೈಸೂರಿನಲ್ಲಿ ಒಬ್ಬ ವಕೀಲನ ಹತ್ತಿರ ಟೈಪಿಸ್ಟಾಗಿದ್ದಳು. ಡಿಕ್ಟೇಷನ್ ಕೊಡುವ ನೆಪದಲ್ಲಿ ಆತ ಕುರ್ಚಿಯ ಹಿಂದೆ ಬಂದು ಹೆಗಲ ಮೇಲೆ ಕೈಯಿಡುತ್ತಿದ್ದನಂತೆ, ಹೊಲಸು ಮಾತಾಡುತ್ತಿದ್ದನಂತೆ. ಒಂದು ದಿನ ಆ ಕೈ ತಳ್ಳಿ ಎದ್ದು ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಸಂಬಳ ಸಾಲದೆ ಬಿಟ್ಟೆ ಎಂದು ನನಗೆ ಹೇಳಿದ್ದಳು.

ವಕೀಲನ ಮೇಲೆ ಸಿಟ್ಟು ಬಂತು, ನಿಜ. ಆದರೆ ಅದಕ್ಕೂ ಮೊದಲು ಹೊಟ್ಟೆ ಉರಿದದ್ದು ಪಕ್ಕದ ಮನೆಯಾಕೆಯ ಮೇಲೆ.

"ಅವರಿಗೆ ಹೇಳಿದೀಯ. ನನಗ್ಯಾಕೆ ಹೇಳಲಿಲ್ಲ?"

"ಈಗ ಟಿವಿ ನೋಡ್ತಾ ನೀವೇ ಏನಂದ್ರಿ?" ಎಂದಳು.

ಎದ್ದು ಟಿವಿ ಆರಿಸಿದೆ. ಹೊಟ್ಟೆಯ ಉರಿ ಮಾತ್ರ ಆರಲಿಲ್ಲ. ಅವರಿಬ್ಬರೂ ಅಂಗಳದಲ್ಲಿ ಬಟ್ಟೆ ಹರವುತ್ತಾ ನಕ್ಕರೆ ನನ್ನ ಬಗ್ಗೆಯೇ ಇರಬೇಕು ಎನಿಸುತ್ತಿತ್ತು. ಅವರ ಮನೆಯಿಂದ ಬಂದ ಮೀನುಸಾರನ್ನು ಹಸಿವಿಲ್ಲ ಎಂದು ಬದಿಗೆ ಸರಿಸಿದೆ. ಅವಳು ತಾನೇ ಬಡಿಸಿಕೊಂಡು ಉಂಡಳು.

ಕೆಲವು ದಿನಗಳಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮತ ಹಾಕಿ, ದೂರು ಹೊತ್ತಿದ್ದ ಅವರನ್ನೇ ನ್ಯಾಯಮೂರ್ತಿಯಾಗಿ ಒಪ್ಪಿದರು. ಆ ಸುದ್ದಿಯನ್ನು ನನ್ನ ಹೆಂಡತಿ ನಮ್ಮ ಮನೆಯಲ್ಲಿ ನೋಡಲಿಲ್ಲ. ಕರೆಯಲೆಂದು ಹೋದಾಗ ಅವಳು ಆ ಮನೆಯ ಚಾಪೆಯ ಮೇಲೆ ಕೂತು ಅಳುತ್ತಿದ್ದಳು. ಆಕೆ ಇವಳ ಬೆನ್ನು ಸವರುತ್ತಿದ್ದರು. ಸಮಾಧಾನದ ಮಾತೂ ಇರಲಿಲ್ಲ, ಬರೀ ಸವರುತ್ತಿದ್ದರು. ನಾನು ಕರೆಯದೆ ವಾಪಸು ಬಂದೆ. ಆ ಜಾಗದಲ್ಲಿ ನಾನಿರಬೇಕಿತ್ತು ಎನಿಸಿತು. ಇದ್ದಿದ್ದರೆ ಅಷ್ಟು ಹೊತ್ತು ಸುಮ್ಮನಿರಲು ನನ್ನಿಂದ ಆಗುತ್ತಿತ್ತೋ ಇಲ್ಲವೋ.

ಮರುವರ್ಷ ಆ ಕುಟುಂಬ ಶಾರ್ಜಾಕ್ಕೆ ಹೋಯಿತು. ಸಾಮಾನು ಹೇರಿದ ಪಿಕಪ್ ತಿರುವು ದಾಟಿದಾಗ ನನಗೆ ಖುಷಿಯೇ ಆಯಿತು. ಇನ್ನು ಹೇಳಿಕೊಳ್ಳಲು ನಾನೊಬ್ಬನೇ ಉಳಿದೆನಲ್ಲ! ಸಂಜೆಗಳಲ್ಲಿ ಟಿವಿ ಹಾಕದೆ ಅವಳೆದುರು ಕೂರುತ್ತಿದ್ದೆ. ಅವಳು ತರಕಾರಿ ವಿಷಯ ಹೇಳುತ್ತಿದ್ದಳು, ಏಸಿ ರಿಪೇರಿಯ ವಿಷಯ ಹೇಳುತ್ತಿದ್ದಳು. ಆಮೇಲೆ ಒಂದು ಶುಕ್ರವಾರ, "ಶಾರ್ಜಾಕ್ಕೆ ಫೋನ್ ಮಾಡ್ಬೇಕು, ಬೂತಿಗೆ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದಳು.

ಕರೆದುಕೊಂಡು ಹೋದೆ. ನಾನು ಕಾರಿನಲ್ಲೇ ಕೂತಿದ್ದೆ. ಗಾಜಿನಾಚೆ ಅವಳು ರಿಸೀವರನ್ನು ಕಿವಿಗೊತ್ತಿಕೊಂಡು, ನನಗೆ ಬೆನ್ನು ಮಾಡಿ, ಬಹಳ ಹೊತ್ತು ಮಾತಾಡಿದಳು.