ಸಪ್ಪೆ ಸಾರು

ನಾನು ಚಿಕ್ಕವಳಿದ್ದಾಗ ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ‘ಆ ಕಾಯಿಲೆ’ ಎನ್ನುತ್ತಿದ್ದರು. ಬಂದರೆ ಮುಗಿಯಿತು. ಗಂಡಸಾಗಲಿ ಹೆಂಗಸಾಗಲಿ, ಉಳಿದವರನ್ನು ನಾನು ನೋಡಿರಲಿಲ್ಲ. ಈಗ ಹಾಗಲ್ಲ. ಕಡೂರಿನ ನಮ್ಮ ಬೀದಿಯಲ್ಲೇ ಆಪರೇಷನ್ ಮಾಡಿಸಿಕೊಂಡು ಬಂದು ಬೆಳಿಗ್ಗೆ ವಾಕಿಂಗ್ ಹೋಗುವವರಿದ್ದಾರೆ. ಕಾಲ ಸುಧಾರಿಸಿದೆ, ಒಪ್ಪುತ್ತೇನೆ. ಆದರೆ ನಾನು ಕಂಡಂತೆ ಆ ವಾಕಿಂಗಿನವರಲ್ಲಿ ಹೆಚ್ಚಿನವರು ಗಂಡಸರು, ಅದೂ ಪೇಟೆಯವರು. ಇದನ್ನು ಹೇಳಿದರೆ ನಮ್ಮ ಯಜಮಾನರು, “ಎಲ್ಲದ್ರಲ್ಲೂ ಹುಳುಕು ಹುಡುಕ್ತೀಯ” ಅನ್ನುತ್ತಾರೆ. ಹುಡುಕುತ್ತೇನೆ. ಯಾರಾದರೂ ಹುಡುಕಬೇಕಲ್ಲ.

ಹಿರೇನಲ್ಲೂರಿನ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಊಟವಾದ ಮೇಲೆ ಎಲೆ, ಅಡಿಕೆ, ಹೊಗೆಸೊಪ್ಪು ಹಾಕುವವರು. ಒಂದು ಮಧ್ಯಾಹ್ನ ದೊಡ್ಡಪ್ಪ ತುತ್ತು ಬಾಯಿಗಿಟ್ಟವರೇ ತಟ್ಟೆ ತಳ್ಳಿ, “ಏನೇ ಇದು, ಖಾರದ ಪುಡಿ ಸುರ್ದ್ಬಿಟ್ಟಿದೀಯಾ? ಬಾಯಿ ಉರ್ದೋಯ್ತು!” ಎಂದು ಕೂಗಿದರು. ಕೂಗು ಬೀದಿಗೆ ಕೇಳಿಸಿತು. ಅದೇ ವಾರ ಮಗ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಕೆನ್ನೆಯ ಒಳಗಿನ ಹುಣ್ಣು ಇನ್ನೂ ಚಿಕ್ಕದಿತ್ತು, ತೆಗೆದರು. ಸೊಟ್ಟ ಕೆನ್ನೆ ಇಟ್ಟುಕೊಂಡು ದೊಡ್ಡಪ್ಪ ಇವತ್ತಿಗೂ ಊರಿಗೆಲ್ಲ ಬುದ್ಧಿ ಹೇಳುತ್ತಾ ಗಟ್ಟಿಯಾಗಿದ್ದಾರೆ.

ಅಂದಿನಿಂದ ದೊಡ್ಡಮ್ಮ ಅವರಿಗೆಂದು ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು ಮಾಡತೊಡಗಿದಳು. ಮನೆಮಂದಿಯೆಲ್ಲ ಉಂಡ ಮೇಲೆ ಅಡಿಗೆಮನೆಯಲ್ಲಿ ಒಬ್ಬಳೇ ಕೂತು ತಾನೂ ಅದನ್ನೇ ಉಣ್ಣುತ್ತಿದ್ದಳು. “ಗಂಡನಿಗೋಸ್ಕರ ಖಾರಾನೇ ಬಿಟ್ಟವ್ಳೆ, ಪುಣ್ಯಾತ್ಗಿತ್ತಿ” ಎಂದು ನೆಂಟರೆಲ್ಲ ಹೊಗಳಿದರು. ಬಾಯಿ ಉರಿಯುತ್ತಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ. ಹೊಗಳಿಸಿಕೊಂಡ ಮೇಲೆ ಹೇಗೆ ಹೇಳುತ್ತಾಳೆ? ಕೆನ್ನೆ ಊದಿ ಹೊರಗೆ ಕಾಣುವಷ್ಟರಲ್ಲಿ ಡಾಕ್ಟರಿಗೆ ಮಾಡಲು ಏನೂ ಉಳಿದಿರಲಿಲ್ಲ. ಒಂದೇ ಮನೆ, ಒಂದೇ ಎಲೆತಟ್ಟೆ, ಒಂದೇ ಕಾಯಿಲೆ. ಉಳಿದದ್ದು ತಟ್ಟೆ ತಳ್ಳಿದವರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆಮೇಲಿಂದ ಯಾರ ಮನೆಗೆ ಹೋದರೂ ನಾನು ಹೆಂಗಸರ ತಟ್ಟೆ ನೋಡುತ್ತೇನೆ. ತುತ್ತು ಎಣಿಸುವವಳು ಎಂದು ಹೆಸರು ಬಂದಿದೆ. ಬರಲಿ.

ಈ ಸಲ ದೀಪಾವಳಿ ಕಳೆದ ಮೇಲೆ ಅಜ್ಜಂಪುರಕ್ಕೆ, ತಂಗಿಯ ಮನೆಗೆ ಹೋಗಿದ್ದೆ. ಚಿಕ್ಕಂದಿನಲ್ಲಿ ಹಸಿಮೆಣಸಿನಕಾಯಿಯನ್ನು ಉಪ್ಪಿಗೆ ಅದ್ದಿ ಕಡಿಯುತ್ತಿದ್ದವಳು ಅವಳು. ಗಂಡನಿಗೂ ಮಗಳಿಗೂ ಕೆಂಪಗಿನ ಸಾರು ಬಡಿಸಿ, “ನೀನೂ ಕೂತ್ಕೊ ಅಕ್ಕ, ನಂದು ಆಮೇಲೆ” ಎಂದಳು. ನಾನು ಕೂರದೆ ಅವಳ ಹಿಂದೆಯೇ ಅಡಿಗೆಮನೆಗೆ ಹೋದೆ. ಅವಳು ಬಡಿಸಿಕೊಂಡದ್ದು ಬರೀ ಮಜ್ಜಿಗೆ ಅನ್ನ.

“ಸಾರು ಯಾಕ್ ಬೇಡ?”

“ಮಗಳ ಮದ್ವೆ ಕೂಡಿ ಬರ್ಲಿ ಅಂತ ಖಾರ ಬಿಟ್ಟಿದೀನಿ ಕಣಕ್ಕ. ಹರಕೆ.”

“ಯಾವ ದೇವ್ರಿಗೆ?”

ಅವಳು ತಟ್ಟೆಗೆ ಇನ್ನಷ್ಟು ಮಜ್ಜಿಗೆ ಸುರಿದುಕೊಂಡು ಅನ್ನ ಕಲೆಸಿದಳು.

“ಯಾವಾಗ್ನಿಂದ?”

“ಯುಗಾದಿಯಿಂದ. ನಾನು ಹೊಗೆಸೊಪ್ಪು ಮುಟ್ಟಲ್ಲ ಕಣಕ್ಕ, ಬರೀ ಅಡಿಕೆ. ಅಡಿಕೆಯಿಂದ ಏನಾಗುತ್ತೆ?”

ಹೊಗೆಸೊಪ್ಪಿನ ಮಾತನ್ನು ನಾನು ಎತ್ತಿರಲೇ ಇಲ್ಲ.

ಅವಳ ತಟ್ಟೆ ಎತ್ತಿಕೊಂಡು ಹೋಗಿ ನಡುಮನೆಯಲ್ಲಿ ಅವಳ ಗಂಡನ ಪಕ್ಕದಲ್ಲಿಟ್ಟೆ. “ಬಾ, ಇಲ್ಲೇ ಕೂತು ಉಣ್ಣು” ಎಂದು ಗದರಿದೆ. ಅವಳು ಬಂದು ಮುದುರಿ ಕೂತಳು. ಅವನಿಗೆ ತಮಾಷೆಯಾಗಿ ಕಂಡಿತು.

“ಏನಕ್ಕಾವ್ರೇ, ಈ ವಯಸ್ನಲ್ಲಿ ಜೋಡಿ ಊಟಾನಾ? ಹಂಗಾದ್ರೆ ನಾನೇ ತಿನ್ಸ್ತೀನಿ ಬಿಡಿ” ಎಂದು ತನ್ನ ತಟ್ಟೆಯ ಕೆಂಪು ಅನ್ನದಲ್ಲಿ ಒಂದು ತುತ್ತು ಮಾಡಿ ಅವಳ ಬಾಯಿಗೆ ಹಿಡಿದ. ಮಗಳು ನಕ್ಕಳು.

ತಂಗಿ ಬಾಯಿ ತೆರೆಯಲು ನೋಡಿದಳು. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ತುತ್ತು ತುಟಿಗೆ ತಾಗಿ ಮಡಿಲಿಗೆ ಬಿತ್ತು, ತಾಗಿದಷ್ಟಕ್ಕೇ ಅವಳ ಕಣ್ಣಲ್ಲಿ ನೀರು ಬಂತು.

ಅವನ ನಗು ನಿಂತಿತು. “ಯಾವಾಗ್ನಿಂದ ಹಿಂಗೆ?” ಎಂದು ನನ್ನನ್ನು ಕೇಳಿದ. ಒಂದೇ ಸೂರಿನಡಿ ಇರುವವನು, ಬಸ್ಸಿಳಿದು ಬಂದ ನನ್ನನ್ನು ಕೇಳಿದ.

“ನಾಳೆ ಮೊದಲ್ನೇ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡೋಣ” ಎಂದೆ.

ತಂಗಿ ಸೀರೆಯ ಮೇಲೆ ಬಿದ್ದ ಅನ್ನವನ್ನು ಒಂದೊಂದಾಗಿ ಆಯುತ್ತಾ, “ನಾಳೆ ಇವ್ರ ಊಟಕ್ಕೇನ್ ಮಾಡೋದು?” ಎಂದಳು.