ಕೆಂಪು ಬಾಳೆಹಣ್ಣಿಗೆ ಬಂದ ಅಪವಾದ

ಆ ಕೂಸಿಗೆ ಸಕ್ಕರೆ ಬೇಮಾರಿ ಬಂದದ್ದು ತಾಯಿ ಕೊಟ್ಟ ಬಾಳೆಹಣ್ಣಿನಿಂದ ಅಲ್ಲ. ಕಮಲಾಪುರದ ಅರ್ಧ ಊರು ಬೇರೆ ಹೇಳಿದರೂ ನಾನು ಇದನ್ನೇ ಹೇಳುತ್ತೇನೆ.

ಮೊನ್ನೆ ಊರಿನಿಂದ ತಂಗಿಯ ಮಗ ಬಂದ. ಚೀಲದಲ್ಲಿ ಕೆಂಪು ಬಾಳೆಹಣ್ಣು. ಈಗ ನಾನಿರುವ ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಮಗಳ ಮನೆ ತುಂಬ ಆ ವಾಸನೆ ಹಬ್ಬಿತು, ನನಗೆ ಗೋಡೆಯಾಚೆಯಾಕೆ ನೆನಪಾದಳು. ಕಮಲಾಪುರದಲ್ಲಿ ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಲ್ಲಿ ಕೆಂಪು ಬಾಳೆ ಬೆಳೆಸಿದ್ದಳು. ಗೊನೆ ಹಣ್ಣಾದರೆ ಮೊದಲನೆಯದು ದೇವರಿಗೆ, ಆಮೇಲಿನದು ಮಗಳಿಗೆ...

ಮಗಳು ಶಾಲೆಗೆ ಹೋಗುವ ಕೂಸು. ಒಂದು ಮಳೆಗಾಲ ಜ್ವರ ಬಂತು, ಹೋಯಿತು. ಕೆಲವು ತಿಂಗಳ ಮೇಲೆ ಎಷ್ಟು ನೀರು ಕುಡಿದರೂ ದಾಹ ತೀರದು, ರಾತ್ರಿ ಹಾಸಿಗೆ ಒದ್ದೆ, ಮೈ ಕಡ್ಡಿ. ಕಲಬುರಗಿಯ ದವಾಖಾನೆಗೆ ಎತ್ತಿಕೊಂಡು ಓಡಿದೆವು. ಕೂಸು ಉಳಿಯಿತು. ಆದರೆ ಜೀವ ಇರುವತನಕ ದಿನವೂ ಸೂಜಿ ಎಂದರು.

ಆಕೆ ಡಾಕ್ಟರಮ್ಮನನ್ನು ಕೇಳಿದಳು: "ಬಾಳೆಹಣ್ಣು ಭಾಳ ತಿನಸೀನ್ರೀ. ಅದಕ್ಕ ಬಂತೇನ್ರೀ?"

"ಇಲ್ಲವ್ವಾ, ತಿಂದದ್ದಕ್ಕ ಇದು ಬರಂಗಿಲ್ಲ. ಹುಟ್ಟಿನಾಗ ಒಂದೀಟು ಇರ್ತದ, ಮ್ಯಾಲ ಸುತ್ತಮುತ್ತಲಿಂದು ಏನರೆ ಬಂದು ಕೆಣಕ್ತದ. ಯಾವುದರೆ ಜ್ವರ ಇರಬಹುದು, ಮತ್ತೊಂದು ಇರಬಹುದು. ಇಂಥಾದ್ದೇ ಅಂತ ಇನ್ನಾ ಯಾರಿಗೂ ಪೂರಾ ಗೊತ್ತಿಲ್ಲ."

'ಗೊತ್ತಿಲ್ಲ' ಎಂಬ ಮಾತನ್ನು ಊರಿಗೆ ಒಯ್ದರೆ ಯಾರು ಕೇಳುತ್ತಾರೆ? ಬಾಳೆಹಣ್ಣು ಕಣ್ಣಿಗೆ ಕಾಣುತ್ತಿತ್ತು.

ಆಕೆಯ ಅತ್ತೆ ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಕೇಳುವಂತೆ, "ತಿನಸಿ ತಿನಸಿ ಕೂಸಿನ ರಕ್ತ ಪಾಕ ಮಾಡ್ಯಾಳ" ಎಂದಳು.

ನಾನು ಗೋಡೆಯ ಮೇಲಿಂದ, "ಹಂಗಾರ ನಿನ್ನ ಎಮ್ಮಿಗೂ ಸೂಜಿ ಹಾಕಸು ಮುದುಕಿ. ದಿನಾ ಅದೇ ಹಣ್ಣಿನ ಸಿಪ್ಪಿ ತಿಂತದಲ್ಲ" ಎಂದೆ. ಮುದುಕಿ ನನ್ನ ಜೊತೆ ಮಾತು ಬಿಟ್ಟಳು. ನನಗೇನೂ ನಷ್ಟವಾಗಲಿಲ್ಲ.

ನಷ್ಟವಾದದ್ದು ಗೋಡೆಯಾಚೆಯಾಕೆಗೆ. ಓಣಿಯಲ್ಲಿ ಒಬ್ಬಳ ಕುಬಸ ಇತ್ತು. ಬಸುರಿಯ ಉಡಿ ತುಂಬಲು ಆಕೆ ಹಿತ್ತಲಿನ ಹಣ್ಣು ತಂದಳು. "ನೀ ಉಡಿ ತುಂಬಬ್ಯಾಡವ್ವ, ಹೊಟ್ಟ್ಯಾಗ ಕೂಸದ" ಎಂದರು. ಹಣ್ಣನ್ನು ಸೆರಗಿನೊಳಗೆ ಮುಚ್ಚಿಕೊಂಡು ಎದ್ದು ಹೋದಳು. ಆಮೇಲೆ ಯಾರ ಹೊಸ್ತಿಲೂ ತುಳಿಯಲಿಲ್ಲ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಇನ್ಸುಲಿನ್ ಬಾಟಲಿಯನ್ನು ಹಸಿ ಉಸುಕಿನ ನಡುವಿನ ಸಣ್ಣ ಕುಡಿಕೆಯಲ್ಲಿ ಇಟ್ಟಿದ್ದಳು. ಉಸುಕಿಗೆ ನೀರು ಚಿಮುಕಿಸುತ್ತ, ಕೂಸು ಶಾಲೆಯಿಂದ ಬರುವತನಕ ಅದರ ಪಕ್ಕದಲ್ಲೇ ಒಬ್ಬಳೇ ಕೂತಿರುತ್ತಿದ್ದಳು...

ಕಡೆಗೆ ಅತ್ತೆ ಕೂಸನ್ನೇ ಕಸಿದುಕೊಂಡಳು. ತಾಯಿಯ ಕೈಯಲ್ಲಿ ಇದು ಉಳಿಯುವುದಿಲ್ಲ ಎಂದು ಕಲಬುರಗಿಯ ಖೂಬಾ ಪ್ಲಾಟಿನಲ್ಲಿದ್ದ ತನ್ನ ಮಗಳ ಮನೆಗೆ ಸೇರಿಸಿದಳು. ಗಂಡ ಅನ್ನುವವನು ತನ್ನ ತಾಯಿಯ ಮಾತು ದಾಟುವವನಲ್ಲ. ಕೂಸಿನ ತಾಯಿಗೆ ಹೇಳಿದ್ದು ದವಾಖಾನೆಗೆ ಒಯ್ಯುತ್ತೇವೆ ಎಂದು. ತಾನೇ ಕೂಸಿಗೆ ಜಡೆ ಹಾಕಿ ಕಳಿಸಿದಳು. ಸಂಜೆ ಕೂಸು ತಿರುಗಿ ಬರಲಿಲ್ಲ.

ಆಮೇಲೆ ಆಕೆ ಆ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಜೊತೆಗೆ ನಾನೂ ಹೋಗಿದ್ದೇನೆ. ಒಮ್ಮೆ "ಮಲಗ್ಯಾಳ" ಅನ್ನುವರು, ಒಮ್ಮೆ "ಸಾಲಿಗಿ ಹೋಗ್ಯಾಳ" ಅನ್ನುವರು. ಬಸ್ಸಿನಲ್ಲಿ ತಿರುಗಿ ಬರುವಾಗ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂಡುತ್ತಿದ್ದಳು.

ಮೊನ್ನೆ ತಂಗಿಯ ಮಗ ಹಣ್ಣು ಕೈಗೆ ಕೊಡುತ್ತ, "ದೊಡ್ಡವ್ವ, ನಿನ್ನ ಗೋಡಿ ಆಚಿಯಾಕಿ ಹೋದಳು. ಮಣ್ಣೂ ಆಯ್ತು" ಎಂದ.

"ಮಗಳು ಬಂದಿದ್ದಳೇನು?"

"ಬಂದಿದ್ದಳು. ಈಗೂ ಸ್ವಾದರತ್ತಿ ಮನ್ಯಾಗೇ ಅದಾಳ. ದೂರ ನಿಂತಳು. 'ಬ್ಯಾಡಾಗಿ ಕಳಿಸಿದಾಕಿ, ನಾ ಯಾಕ ಅಳಲಿ' ಅಂದಳು."

ಹೋದವಳು ಹೋದಳು. ಆಕೆಗೆ ಹೇಳುವಂಥದ್ದು ಇನ್ನೇನೂ ಉಳಿದಿಲ್ಲ.

ಮರುದಿನ ಬೆಳಿಗ್ಗೆ ಆಟೋ ಹಿಡಿದು ಖೂಬಾ ಪ್ಲಾಟಿಗೆ ಹೋದೆ. ಬಾಗಿಲು ತೆಗೆದವಳು ಆ ಮಗಳೇ; ಬೆಳೆದು ದೊಡ್ಡವಳಾಗಿದ್ದರೂ ತಾಯಿಯದೇ ಮುಖ. "ಯಾರ್ರೀ ಅಮ್ಮ?" ಎಂದಳು.

"ನಿಮ್ಮವ್ವನ ಗೋಡಿ ಆಚಿಯಾಕಿ. ಒಳಗ ಕರೀಬ್ಯಾಡ. ಆಕಿ ನಿನ್ನ ಕಳಿಸಿಲ್ಲ, ಕಸಗೊಂಡಾರ. ಇಲ್ಲೇ ಕೂಡು, ಎಲ್ಲಾ ಹೇಳ್ತೀನಿ" ಎಂದು ಮೆಟ್ಟಿಲ ಮೇಲೆ ಕುಳಿತೆ.

ಅವಳು ಒಮ್ಮೆ ಒಳಗೆ ತಿರುಗಿ ನೋಡಿ, ಬಾಗಿಲು ಎಳೆದುಕೊಂಡಳು. ಆಮೇಲೆ ಕುಳಿತಳು.