ನಾಲ್ಕನೇ ಟ್ಯಾಂಕರ್

ನಮ್ಮೂರು ಬಾಲಿಗ್ಲಾಶದ ಸೇತುವೆಯ ಮೇಲೆ ಹದಿನಾರು ಹೂಬುಟ್ಟಿಗಳು ತೂಗುತ್ತವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ದಿನಾ ಅವಕ್ಕೆ ನೀರು ಹಾಕುವವನು ಫಿನ್‌ಬಾರ್ ಕ್ರಾಟಿ. ಅರವತ್ತೆರಡು ವರ್ಷ, ಮೊಣಕಾಲು ನೋವು, ಕೌನ್ಸಿಲ್ ಕೊಟ್ಟ ಹಳದಿ ಕೋಟು. ಪ್ರವಾಸಿಗರು ನಿಂತು ಅವನ ಫೋಟೊ ತೆಗೆಯುತ್ತಾರೆ. ಈ ಮನುಷ್ಯ ಇಪ್ಪತ್ತಾರು ವರ್ಷ ಊರಿನ ಹೊಲಸನ್ನೆಲ್ಲ ನೀರು ಮಾಡಿ ಹೊಳೆಗೆ ಬಿಟ್ಟವನು ಎಂದು ಅವರಿಗೆ ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತೇನೆ.

ಊರ ಕೆಳತುದಿಯಲ್ಲಿ, ಸೇತುವೆಗಿಂತ ತುಸು ಮೇಲೆ, ಕೊಳಚೆ ನೀರಿನ ಸ್ಥಾವರ ಕಟ್ಟಿದಾಗ ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಅರ್ಜಿ ಹಾಕಿದವನು ಫಿನ್‌ಬಾರ್ ಒಬ್ಬನೇ. ಅವನಿಗೆ ಹೆಣ್ಣು ಕೊಡುವುದಕ್ಕೂ ಜನ ಹಿಂದೆಮುಂದೆ ನೋಡಿದರು. ‘ಕಕ್ಕಸು ಕಾಯೋನಿಗೆ ಕೊಡೋದಕ್ಕಾ ನಾನು ಮಗಳನ್ನ ಸಾಕಿದ್ದು?’ ಎಂದಿದ್ದಳಂತೆ ಅಸಂಪ್ಟಾಳ ತಾಯಿ. ಅಸಂಪ್ಟಾ ಹಟ ಹಿಡಿದು ಅವನನ್ನೇ ಮದುವೆಯಾದಳು. ಸಂಜೆ ಅವನು ಪಬ್ಬಿಗೆ ಕಾಲಿಟ್ಟರೆ ಯಾರಾದರೂ ಕೂಗುತ್ತಿದ್ದರು.

‘ಫಿನ್ ಬಂದ, ಕಿಟಕಿ ತೆಗೀರಪ್ಪಾ!’

‘ನಿಮ್ದೇ ವಾಸನೆ ಕಣ್ರೋ, ಗುರುತು ಸಿಕ್ಲಿಲ್ವಾ?’ ಎನ್ನುತ್ತಿದ್ದ ಅವನು.

ಆಗ ನಾನು ಕೌನ್ಸಿಲ್‌ನ ಟ್ಯಾಂಕರ್ ಓಡಿಸುತ್ತಿದ್ದೆ, ಹಂಗಾಮಿ ಕೆಲಸ. ಸ್ಥಾವರದ ತೊಟ್ಟಿಯಲ್ಲಿ ಹೆಚ್ಚಾದ ಕೆಸರನ್ನು ತಿಂಗಳಿಗೊಮ್ಮೆ ಹೀರಿ ಒಯ್ಯುವುದು. ಮೊದಲ ದಿನ ಮೂಗು ಮುಚ್ಚಿಕೊಂಡು ನಿಂತಿದ್ದ ನನ್ನನ್ನು ಫಿನ್‌ಬಾರ್ ಕೈಹಿಡಿದು ತೊಟ್ಟಿಯ ಕಟ್ಟೆಗೆ ಹತ್ತಿಸಿದ. ಒಳಗೆ ಕಂದು ಬಣ್ಣದ ಕೆಸರು ನೀರು ಗಾಳಿಗುಳ್ಳೆಗಳಿಂದ ಕುದಿಯುತ್ತಿತ್ತು.

‘ಇದು ಕೆಸರಲ್ಲ ಕಣೋ ಜೆರ್. ಇದು ನನ್ನ ದನ.’

‘ದನಾನಾ? ಹಾಲು ಕೊಡತ್ತಾ?’

‘ಹೊಳೆ ಕೊಡತ್ತೆ. ಊರೋರು ಉಚ್ಚೆ ಹೊಯ್ತಾರಲ್ಲ, ಅದರಿಂದ ಅಮೋನಿಯಾ ಆಗತ್ತೆ. ಕಣ್ಣಿಗೆ ಕಾಣಲ್ಲ. ನೀರು ಕನ್ನಡಿ ಹಾಗೇ ಇರತ್ತೆ, ಮೀನಿನ ಕಿವಿರು ಮಾತ್ರ ಸುಟ್ಟುಹೋಗತ್ತೆ. ಈ ಕೆಸರಲ್ಲಿರೋ ಹುಳಗಳು ಅದನ್ನ ತಿಂತವೆ. ಬಹಳ ನಿಧಾನ ಇವು, ಒಂದು ಎರಡಾಗೋಕೆ ದಿನಗಟ್ಲೆ ಬೇಕು. ಚಳಿಗೆ ಮುದುಡ್ತವೆ, ಉಸಿರು ಕಟ್ಟಿದ್ರೆ ಸಾಯ್ತವೆ. ದನ ಅಲ್ದೆ ಇನ್ನೇನು?’

ಹೊಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಹೆಚ್ಚು ಅಮೋನಿಯಾ ಇರಬಾರದು ಎಂದು ನಮ್ಮ ಪರವಾನಗಿಯಲ್ಲಿ ಬರೆದಿದೆ. ದಿನಾ ಬೆಳಿಗ್ಗೆ ಫಿನ್‌ಬಾರ್ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಎರಡು ಔಷಧಿಯ ಹನಿ ಬಿಟ್ಟು, ಬಣ್ಣ ನೋಡುತ್ತಿದ್ದ. ತಿಳಿ ಹಳದಿಯಾದರೆ ಕ್ಷೇಮ, ಹಸಿರಾದರೆ ಅಪಾಯ. ನಂತರ ಯಂತ್ರದಲ್ಲಿ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದ. ವರ್ಷಗಟ್ಟಲೆ ಅವನ ಪುಸ್ತಕದಲ್ಲಿ ಅರ್ಧ ದಾಟಿದ ಅಂಕಿಯಿಲ್ಲ. ಕೆಲಸಕ್ಕೆ ಸೇರಿದ ಹನ್ನೊಂದನೇ ವರ್ಷ ಸೇತುವೆಯ ಕೆಳಗೆ ಸಾಲ್ಮನ್ ಮರಿಗಳು ಕಂಡವು. ನಮ್ಮಪ್ಪನ ಕಾಲದಿಂದ ಅಲ್ಲಿ ಕಾಣದ ಮೀನು. ಫಿನ್‌ಬಾರ್ ಹೆಂಡತಿಯನ್ನು ಕರೆದುಕೊಂಡು ಹೋಗಿ ಕಲ್ಲಿನ ಮೇಲೆ ಬೋರಲು ಮಲಗಿಸಿ ತೋರಿಸಿದ. ‘ಮದ್ವೇಲಿ ಉಂಗುರ ತೋರಿಸ್ದಾಗ್ಲೂ ಇಷ್ಟು ಬೀಗಿರ್ಲಿಲ್ಲ ಈ ಮನುಷ್ಯ’ ಎಂದು ಅವಳು ಊರೆಲ್ಲ ಹೇಳಿಕೊಂಡು ನಕ್ಕಳು.

ಆಮೇಲೆ ಬಂತು ನೋಡಿ, ಅಂದದ ಊರಿನ ಸ್ಪರ್ಧೆ. ಪ್ರತಿ ಬೇಸಿಗೆಯಲ್ಲೂ ಇರುವುದೇ. ತೀರ್ಪುಗಾರರು ಹೇಳದೆ ಕೇಳದೆ ಬಂದು ಊರು ಸುತ್ತಿ ಅಂಕ ಕೊಡುತ್ತಾರೆ. ಆ ವರ್ಷ ನಮ್ಮ ಸಮಿತಿಯ ಅಧ್ಯಕ್ಷೆ, ಔಷಧಿ ಅಂಗಡಿಯ ಮಿಸೆಸ್ ಲಾಲರ್, ಪದಕ ತರದೆ ಬಿಡೆನು ಎಂದು ಪಣ ತೊಟ್ಟಿದ್ದಳು. ಗೋಡೆಗಳಿಗೆ ಬಣ್ಣ, ಪಾಳುಬಿದ್ದ ಮನೆಗಳ ಕಿಟಕಿಗೆ ಹಲಗೆ ಹೊಡೆದು ಅದರ ಮೇಲೆ ಪರದೆಯ ಚಿತ್ರ. ಹೊರಗೆ ಥಳಕು, ಒಳಗೆ ಹುಳುಕು. ಹೊಳೆಯ ದಂಡೆಗೆ ಹೊಸ ಕಾಲುದಾರಿಯನ್ನೂ ಹಾಕಿಸಿದಳು. ಆ ದಾರಿ ಸ್ಥಾವರದ ಬೇಲಿಯ ಪಕ್ಕದಲ್ಲೇ ಹೋಗುತ್ತದೆ. ಬೇಲಿಯೊಳಗೆ ಕಂದು ನೊರೆ, ಮೇಲೆ ವಾಸನೆ.

ಮೇ ತಿಂಗಳ ಕೊನೆಯ ಶನಿವಾರ ಅವಳು ಕೌನ್ಸಿಲ್‌ನ ಇಂಜಿನಿಯರ್ ಹಿಕಿಯನ್ನೇ ಕರೆದುಕೊಂಡು ಬಂದಳು. ಟ್ಯಾಂಕರ್ ತಂದು ನಾನೂ ಅಲ್ಲೇ ಇದ್ದೆ.

‘ನೋಡು ಫಿನ್‌ಬಾರ್, ತೊಟ್ಟಿ ಪೂರ್ತಿ ಖಾಲಿ ಮಾಡಿಸಿ ಗೋಡೆ ತೊಳೆಸಿಬಿಡು’ ಎಂದ ಹಿಕಿ. ‘ನಾಲ್ಕು ಟ್ಯಾಂಕರ್ ಆಗಬಹುದು.’

‘ಪೂರ್ತಿ ತೆಗೆದ್ರೆ ಅಮೋನಿಯಾ ತಿನ್ನೋರು ಯಾರು, ಹಿಕಿಯವರೇ? ಹೊಳೇಲಿ ನೀರು ಇಳೀತಾ ಇದೆ, ಬಿಸಿಲು ಬೇರೆ.’

‘ಎರಡು ವಾರದಲ್ಲಿ ಮತ್ತೆ ಬೆಳೆಯತ್ತೆ ಬಿಡು.’

‘ಎರಡು ತಿಂಗಳಾದ್ರೂ ಬೇಕು. ಹೋಗ್ಲಿ, ಹೆಪ್ಪಿಗೆ ಅಂತ ಒಂದು ಟ್ಯಾಂಕರ್ ಆದ್ರೂ ಬಿಡಿ.’

ಮಿಸೆಸ್ ಲಾಲರ್ ಕರವಸ್ತ್ರದಿಂದ ಮೂಗು ಒರೆಸಿಕೊಂಡಳು. ‘ಹೆಪ್ಪಂತೆ! ಇವನೇನು ಮೊಸರು ಮಾರ್ತಾನಾ?’

ಹಿಕಿ ನಕ್ಕ. ಏನು ಮಾಡಲಿ, ನಾನೂ ನಕ್ಕೆ. ‘ಪೂರ್ತಿ’ ಎಂದು ಇನ್ನೊಮ್ಮೆ ಹೇಳಿ ಹಿಕಿ ಕಾರು ಹತ್ತಿದ. ಕಾಗದದ ಮೇಲೆ ಒಂದಕ್ಷರ ಬರೆದುಕೊಡಲಿಲ್ಲ. ನಮ್ಮ ಕೌನ್ಸಿಲ್‌ನಲ್ಲಿ ತೊಂದರೆ ತರುವ ಅಪ್ಪಣೆಗಳೆಲ್ಲ ಬಾಯಿಮಾತಿನವೇ.

ಮೂರು ಟ್ಯಾಂಕರ್ ಒಯ್ದಾದ ಮೇಲೆ ಫಿನ್‌ಬಾರ್ ನನ್ನ ಕಿಟಕಿಯ ಹತ್ತಿರ ಬಂದ. ಅಷ್ಟು ವರ್ಷದಲ್ಲಿ ಅವನು ನನ್ನನ್ನು ಏನನ್ನೂ ಕೇಳಿದವನಲ್ಲ.

‘ಜೆರ್, ನಾಲ್ಕನೇ ಸಲ ಬರ್ಬೇಡ ಕಣೋ. ಟೈರ್ ಪಂಕ್ಚರ್ ಆಯ್ತು ಅನ್ನು. ಸೋಮವಾರ ಕೇಳಿದ್ರೆ ನಾನು ನೋಡ್ಕೋತೀನಿ. ಅಷ್ಟು ಉಳಿದ್ರೆ ಹೆಂಗೋ ಸುಧಾರಿಸ್ಕೋತವೆ.’

‘ಆಯ್ತು’ ಎಂದೆ.

ಆದರೂ ಹೋದೆ. ಮರುದಿನ ನಮ್ಮ ಜಿಲ್ಲೆಯ ಹರ್ಲಿಂಗ್ ಕೋಲುಚೆಂಡಾಟದ ಪಂದ್ಯವಿತ್ತು. ಕೆಲಸ ಉಳಿಸಿದರೆ ಎಲ್ಲಿ ಭಾನುವಾರ ಕರೆದು ಮಾಡಿಸುತ್ತಾರೋ ಎಂಬ ಭಯ. ಅದೂ ಅಲ್ಲದೆ ಕೆಲಸ ಕಾಯಂ ಮಾಡುವ ಪಟ್ಟಿ ಹಿಕಿಯ ಮೇಜಿನ ಮೇಲಿತ್ತು. ನಾನು ಪೈಪು ಇಳಿಸಿದೆ. ಫಿನ್‌ಬಾರ್ ತೊಟ್ಟಿಯ ತಳ ಕಾಣುವವರೆಗೆ ಕಟ್ಟೆಯ ಮೇಲೆ ನಿಂತಿದ್ದು, ಒಳಗೆ ಹೋಗಿ ಪುಸ್ತಕದಲ್ಲಿ ಬರೆದ: ಕೆಸರು ತೆಗೆಯಲಾಯಿತು, ನಾಲ್ಕು ಟ್ಯಾಂಕರ್, ಸಹಿ ಎಫ್. ಕ್ರಾಟಿ. ಪಂದ್ಯದಲ್ಲಿ ನಮ್ಮವರು ಸೋತರು.

ಸೋಮವಾರವೇ ಫಿನ್‌ಬಾರ್ ಪಕ್ಕದೂರಿನ ಸ್ಥಾವರದಿಂದ ಹೆಪ್ಪಿನ ಕೆಸರು ತರಿಸಿ ಎಂದು ಫೋನ್ ಮಾಡಿದ. ಸ್ಪರ್ಧೆ ಮುಗಿಯಲಿ ಎಂದರು. ಅರ್ಧ ದಾಟದಿದ್ದ ಅಮೋನಿಯಾದ ಅಂಕಿ ಐದಾಯಿತು, ಐದಿದ್ದದ್ದು ಒಂಬತ್ತಾಯಿತು. ಒಂಬತ್ತನೇ ದಿನ ಹದಿನಾಲ್ಕು. ಹಿಕಿ ಫೋನಿನಲ್ಲಿ, ‘ಯಂತ್ರ ಕೆಟ್ಟಿದೆ ಅಂತ ಬರೆದು ಸುಮ್ಮನಿರು’ ಎಂದನಂತೆ. ಫಿನ್‌ಬಾರ್ ಹದಿನಾಲ್ಕು ಎಂದೇ ಬರೆದ. ಬರೆದು, ತಾನೇ ಮೀನುಗಾರಿಕೆ ಇಲಾಖೆಗೆ ಫೋನ್ ಮಾಡಿ ತನ್ನ ಸ್ಥಾವರದ ಮೇಲೆ ತಾನೇ ದೂರು ಕೊಟ್ಟ.

ಇಲಾಖೆಯವರು ಬರುವುದಕ್ಕೆ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಮೀನು ತೇಲತೊಡಗಿದ್ದವು. ಟ್ರೌಟ್, ಬೆರಳುದ್ದದ ಸಾಲ್ಮನ್ ಮರಿಗಳು, ಹೊಟ್ಟೆ ಮೇಲೆ. ಡಬ್ಲಿನ್ ನಂಬರಿನ ಕಾರಿನಲ್ಲಿ ಒಬ್ಬ ಹೆಂಗಸು ಪುಸ್ತಕ ಹಿಡಿದು ಓಡಾಡುತ್ತಿದ್ದಾಳೆ, ಸ್ಪರ್ಧೆಯ ತೀರ್ಪುಗಾರಳೇ ಇರಬೇಕು ಎಂದು ಪೆಟ್ರೋಲ್ ಬಂಕಿನವನು ಸುದ್ದಿ ಮುಟ್ಟಿಸಿದ್ದೇ ತಡ, ಸಮಿತಿಯವರು ಬೂಟು ಹಾಕಿ, ಬಲೆ ಹಿಡಿದು ಹೊಳೆಗಿಳಿದರು. ಹನ್ನೆರಡು ಕಪ್ಪು ಚೀಲ ತುಂಬಿದವು. ಅವನ್ನು ಸಾಗಿಸಿದ ಗಾಡಿ ಯಾರದು ಎಂದು ಕೇಳಬೇಡಿ.

ಊರಿಗೆ ಬೆಳ್ಳಿ ಪದಕ ಬಂತು. ತೀರ್ಪಿನಲ್ಲಿ ಹೊಳೆಗೇ ಒಂದು ಸಾಲು: ‘ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರು, ಊರಿನವರ ಕಾಳಜಿಗೆ ಸಾಕ್ಷಿ.’ ತಿಳಿಯಾಗದೆ ಏನು? ಅದರಲ್ಲಿ ಓಡಾಡುವುದು ಒಂದೂ ಉಳಿದಿರಲಿಲ್ಲ.

ಚೀಲಕ್ಕೆ ಸಿಗದ ಮೀನುಗಳೇ ಸಾಕಾದವು, ಇಲಾಖೆ ಕೌನ್ಸಿಲ್‌ಗೆ ದಂಡ ಹಾಕಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ ಕೌನ್ಸಿಲ್ ಫಿನ್‌ಬಾರನ ಮೇಲೆ ವಿಚಾರಣೆ ಇಟ್ಟಿತು. ಅತಿಯಾಗಿ ಕೆಸರು ತೆಗೆಸಿದ ನಿರ್ಲಕ್ಷ್ಯ, ಪುಸ್ತಕದಲ್ಲಿ ಅವನದೇ ಸಹಿ. ಹಿಕಿ ತಾನು ‘ಸ್ವಲ್ಪ ಕಡಿಮೆ ಮಾಡು’ ಎಂದಿದ್ದಾಗಿ ಹೇಳಿದ. ಮಿಸೆಸ್ ಲಾಲರ್‌ಗೆ ಅದೇ ಕೇಳಿಸಿತ್ತಂತೆ. ಉಳಿದವನು ನಾನು.

‘ಆ ಶನಿವಾರ ಇಂಜಿನಿಯರ್ ಏನು ಹೇಳಿದ್ರು ಅಂತ ನೀನು ಕೇಳಿಸ್ಕೊಂಡ್ಯಾ?’ ಎಂದು ಅಧ್ಯಕ್ಷ ಸ್ಥಾನದಲ್ಲಿದ್ದವರು ಕೇಳಿದರು.

ಫಿನ್‌ಬಾರ್ ಎದುರಿಗೇ ಕೂತಿದ್ದ. ಮದುವೆಯ ಕೋಟು ಹಾಕಿಕೊಂಡು ಬಂದಿದ್ದ. ನನ್ನ ಮುಖವನ್ನೇ ನೋಡುತ್ತಿದ್ದ, ಒಂದಿಷ್ಟೂ ಅನುಮಾನವಿಲ್ಲದೆ.

‘ನೆನಪಿಲ್ಲ’ ಎಂದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನನಗೆ ಆನೆಯನ್ನೇ ಕೊಟ್ಟರು: ಕಾಯಂ ಕೆಲಸ, ಮರುವರ್ಷ ಸ್ಥಾವರದ ಬೀಗದ ಕೈ. ಫಿನ್‌ಬಾರನ ನಿವೃತ್ತಿ ವೇತನ ಕೀಳುವುದು ಬೇಡ ಎಂದು ದೊಡ್ಡ ಮನಸ್ಸು ಮಾಡಿ ಅವನನ್ನು ಊರ ಅಂದದ ವಿಭಾಗಕ್ಕೆ ಹಾಕಿದರು. ಹೂಬುಟ್ಟಿಗೆ ನೀರು. ಬೆಳ್ಳಿ ಪದಕದ ಫಲಕವನ್ನು ಸೇತುವೆಗೇ ಜಡಿದಿದ್ದಾರೆ. ಅದರ ಮೇಲೆ ಹಕ್ಕಿ ಹಿಕ್ಕೆ ಹಾಕಿದರೆ ಒರೆಸುವುದೂ ಅವನೇ.

ಇದೆಲ್ಲ ಆಗಿ ಆರು ವರ್ಷ. ಅವನು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಲಸ ಮುಗಿಸಿ ನಾನು ಸೇತುವೆ ದಾಟುವಾಗ ನೀರಿನ ಡಬ್ಬ ಕೆಳಗಿಟ್ಟು ಒಂದೇ ಮಾತು ಕೇಳುತ್ತಾನೆ.

‘ಇವತ್ತೆಷ್ಟು?’

ನಾನು ಅಂಕಿ ಹೇಳುತ್ತೇನೆ. ಅವನು ತಲೆಯಾಡಿಸಿ ಬುಟ್ಟಿಯ ಕಡೆ ತಿರುಗುತ್ತಾನೆ. ಆರು ವರ್ಷದಲ್ಲಿ ನಮ್ಮ ನಡುವೆ ನಡೆದ ಮಾತೆಲ್ಲ ಇಷ್ಟೇ. ಆದರೆ ಆ ಅಂಕಿಗಾಗಿ ನಾನು ದನ ಕಾಯುವುದನ್ನು ಕಲಿತೆ. ಹಸಿರು ಕಂಡ ದಿನ ಮನೆಗೆ ಹೋಗದೆ ಅಲ್ಲೇ ಉಳಿದಿದ್ದೇನೆ. ಹೋದ ವರ್ಷ ಸೇತುವೆಯ ಕೆಳಗೆ ಮತ್ತೆ ನಾಲ್ಕೈದು ಮರಿಗಳು ಕಂಡವು. ಯಾರಿಗೂ ಹೇಳಲಿಲ್ಲ. ಅವನು ನೋಡಿದ್ದಾನೆಂದು ಮಾತ್ರ ಗೊತ್ತು. ಡಬ್ಬ ಹಿಡಿದು ನೀರಿಗಿಳಿಯುವಾಗ ಮರಿಗಳಿದ್ದ ಕಲ್ಲನ್ನು ತಪ್ಪಿಸಿ ಸುತ್ತಿ ಹೋಗುತ್ತಿದ್ದ.

ಕಳೆದ ವಾರ ತೊಟ್ಟಿಗೆ ಗಾಳಿ ಊದುವ ಯಂತ್ರ ಕೆಟ್ಟಿತು. ಬಿಡಿಭಾಗ ಬರಲು ಹತ್ತು ದಿನ ಎಂದರು. ಅಂಕಿ ಐದಕ್ಕೇರಿತು. ಹಿಕಿ ಈಗ ಮುಖ್ಯ ಇಂಜಿನಿಯರ್. ‘ಪದಕದ ವಾರದಲ್ಲಿ ರಗಳೆ ಬೇಡ ಜೆರ್, ನೀನು ತಿಳಿದವನು’ ಎಂದ. ಹೌದು, ನಾನು ತಿಳಿದವನು. ಪುಸ್ತಕದಲ್ಲಿ ಪಾಯಿಂಟ್ ನಾಲ್ಕು ಎಂದು ಬರೆದೆ.

ಸಂಜೆ ಸೇತುವೆಯ ಮೇಲೆ ಫಿನ್‌ಬಾರ್ ಡಬ್ಬ ಕೆಳಗಿಟ್ಟ.

‘ಇವತ್ತೆಷ್ಟು?’

‘ಪಾಯಿಂಟ್ ನಾಲ್ಕು’ ಎಂದೆ.

ಅವನು ತಲೆಯಾಡಿಸಲಿಲ್ಲ. ಹಳದಿ ಕೋಟಿನ ಜೇಬಿಗೆ ಕೈಹಾಕಿ ಗಾಜಿನ ನಳಿಗೆಯೊಂದನ್ನು ತೆಗೆದ. ಅಲಂಕಾರದ ಮೀನು ಸಾಕುವವರಿಗೆ ಅಂಗಡಿಯಲ್ಲಿ ಸಿಗುತ್ತದಲ್ಲ, ಅದು. ಹೂಬುಟ್ಟಿಗೆ ಅವನು ನೀರು ಮೊಗೆಯುವುದು ಸ್ಥಾವರದ ಕೊಳವೆಯ ಕೆಳಗಿನ ಹೊಳೆಯಿಂದಲೇ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ದಿನಾ ತಾನು ನೋಡಿಯೇ ನನ್ನನ್ನು ಕೇಳುತ್ತಿದ್ದನೋ ಏನೋ, ಆರು ವರ್ಷವೂ. ನಳಿಗೆಯಲ್ಲಿದ್ದ ನೀರು ಕಡುಹಸಿರಾಗಿತ್ತು. ಅದನ್ನು ಫಲಕದ ಕೆಳಗಿನ ಕಟ್ಟೆಯ ಮೇಲೆ, ನನ್ನ ಕೈಗೆ ಎಟಕುವ ಹಾಗೆ ಇಟ್ಟ.

‘ನೆನಪಿಲ್ಲ ಅನ್ಬೇಕಾಗಿತ್ತು ಜೆರ್’ ಎಂದ. ‘ಅದು ನಿನಗೆ ಚೆನ್ನಾಗಿ ಬರತ್ತೆ.’

ಡಬ್ಬ ಎತ್ತಿಕೊಂಡು ಮುಂದಿನ ಬುಟ್ಟಿಗೆ ಹೋದ. ಮಾರನೆಯ ದಿನದಿಂದ ಅವನು ನನ್ನನ್ನು ಏನೂ ಕೇಳುತ್ತಿಲ್ಲ. ಪುಸ್ತಕದಲ್ಲಿ ಇನ್ನೂ ಪಾಯಿಂಟ್ ನಾಲ್ಕು ಎಂದೇ ಇದೆ, ಕೆಳಗೆ ನನ್ನ ಸಹಿ.